ನಾಕಾದೊಳಗಿನ ಸಾಲಿ

ನಾನು ವಕೀಲಿ ಬಿಟ್ಟು ಕರಿ ಕೋಟನ್ನು ಗೂಟಕ್ಕೆ ಹಾಕಿದ ಮೇಲೆ ಮನೆಗೆ ಬರುವ ಹೊಸ ವಕೀಲರು ಮೊದಲು ಕೇಳುವುದು ಒಂದೇ ಮಾತು: "ಸರ್, ಒಟ್ಟು ಎಷ್ಟು ಕೇಸು ಗೆದ್ರಿ?" ನಾನು ಲೆಕ್ಕ ಇಟ್ಟಿಲ್ಲ. ಗೆದ್ದರೆ ಕಕ್ಷಿದಾರನ ದೈವ, ಸೋತರೆ ವಕೀಲನ ದಡ್ಡತನ ಎಂದು ನಮ್ಮ ಸೀಮೆಯಲ್ಲಿ ಮೊದಲೇ ತೀರ್ಪಾಗಿರುವಾಗ ಲೆಕ್ಕ ಇಟ್ಟು ಮಾಡುವುದೇನು? ಸರ್ಕಾರಿ ವಕೀಲನಾದದ್ದು, ವಕೀಲರ ಸಂಘದ ಅಧ್ಯಕ್ಷನಾದದ್ದು, ಶಾಲು ಹೊದಿಸಿಕೊಂಡದ್ದು ಎಲ್ಲ ಗೋಡೆಯ ಮೇಲಿನ ಫೋಟೊಗಳಲ್ಲಿವೆ. ಬಂದವರು ಚಹಾ ಕುಡಿಯುತ್ತ ನೋಡಿಕೊಂಡು ಹೋಗಲಿ. ಆ ಫೋಟೊಗಳಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಕೆರೂರಿನ ಕಡೆಯ ಕುರಿಗಾರರ ಮನೆ. ಬೀರಪ್ಪ ನಮ್ಮ ಮನೆದೇವರು, ನನ್ನ ಹೆಸರೂ ಅದೇ. ನನಗಿಂತ ಮೊದಲು ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳು ಕಾಗದಕ್ಕೆ ತಾಗಿದ್ದಿಲ್ಲ. ನಾನು ಬಿ.ಎ. ಮಾಡಿ, ಧಾರವಾಡದಲ್ಲಿ ಕಾನೂನು ಓದಿ ಬಂದಾಗ ನನ್ನ ಅಪ್ಪ ಸಿದ್ದಪ್ಪ, ಒಬ್ಬ ಪೇಂಟರನ ಹತ್ತಿರ ಕೂತು, ತಗಡಿನ ಬೋರ್ಡು ಬರೆಸಿದ. ಬರೆದದ್ದು ಓದಲು ಬಾರದಿದ್ದರೂ "ಆ ಕಡೀ ಅಕ್ಷರ ಸಣ್ಣದಾತು, ದೊಡ್ಡದ ಮಾಡು" ಎಂದು ತಕರಾರು ತೆಗೆದನಂತೆ. ಕಡೆಯ ಅಕ್ಷರಗಳು ನನ್ನ ಪದವಿಯವು. ಆ ಬೋರ್ಡನ್ನು ಕುರಿಮರಿ ಹೊತ್ತಂತೆ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಬಾಗಲಕೋಟೆಗೆ ತಂದ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅಜ್ಜ ವಕೀಲ, ಅಪ್ಪ ವಕೀಲ ಎಂದು ಬಂದವರಿಗೆ ಬೋರ್ಡು ಒಂದು ತಗಡು. ನನಗೆ ಅದು ಮನೆ ಕಟ್ಟಿದಷ್ಟು.

ಬಾಗಲಕೋಟೆಯಲ್ಲಿ ನಾನು ಹಿರೇಮಠ ವಕೀಲರ ಕೈಕೆಳಗೆ ಸೇರಿದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಿರೇಮಠರು ಬಿಳಿ ಪಂಚೆಯ ಮೇಲೆ ಕೋಟು ಹಾಕುತ್ತಿದ್ದ ಕಾಲದವರು. ಕೆಲಸ ಕಲಿಸುತ್ತೇನೆಂದು ಒಮ್ಮೆಯೂ ಕಲಿಸಿದವರಲ್ಲ. ಫೈಲು ಕೊಟ್ಟು ಸುಮ್ಮನಾಗುತ್ತಿದ್ದರು, ತಪ್ಪಿದರೆ ಮಾತ್ರ ಬಾಯಿ ಬಿಡುತ್ತಿದ್ದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ: "ಕಾಗದ ಓದೂಕಿಂತ ಮೊದಲ ಜಾಗಾ ನೋಡಿ ಬಾ." ಬದುವಿನ ತಂಟೆಯಾದರೆ ಹೊಲಕ್ಕೆ, ಗೋಡೆಯ ತಂಟೆಯಾದರೆ ಓಣಿಗೆ ನನ್ನನ್ನು ಅಟ್ಟುತ್ತಿದ್ದರು. ಸೈಕಲ್ಲು ನನ್ನದೇ, ಬಿಸಿಲೂ ನನ್ನದೇ.

ಸಾಕ್ಷಿಯನ್ನು ಕೆದಕಿ ಕೇಳುವ ನನ್ನ ಮೊದಲ ಪಾಟೀಸವಾಲು ಬಾದಾಮಿ ಕೋರ್ಟಿನಲ್ಲಿ. ಕಟಕಟೆಯಲ್ಲಿ ಒಬ್ಬ ಮುದುಕಿ ನಿಂತಿದ್ದಳು, ಎದುರಿನವರ ಸಾಕ್ಷಿ. ನಾನು ಧಾರವಾಡದಲ್ಲಿ ಕಲಿತ ಪುಸ್ತಕದ ಕನ್ನಡವನ್ನೆಲ್ಲ ಹೊರಗೆ ತೆಗೆದೆ. "ತಾವು ಘಟನೆಯ ಪೂರ್ವದಲ್ಲಿ ವಾದಿಯೊಡನೆ ವೈಮನಸ್ಯ ಹೊಂದಿದ್ದಿರೆಂದು ಸೂಚಿಸುತ್ತೇನೆ" ಎಂದೆ. ಮುದುಕಿ ನನ್ನನ್ನು ಅಡಿಯಿಂದ ಮುಡಿತನಕ ನೋಡಿ, ನ್ಯಾಯಾಧೀಶರ ಕಡೆ ತಿರುಗಿ, "ಯಪ್ಪಾ, ಈ ತಮ್ಮ ಯಾವ ದೇಶದಾಂವ?" ಎಂದಳು. ಕೋರ್ಟು ನಕ್ಕಿತು. ಅಷ್ಟಕ್ಕೆ ಬಿಡಲಿಲ್ಲ. ಕಣ್ಣು ಸಣ್ಣ ಮಾಡಿ ಮತ್ತೊಮ್ಮೆ ನೋಡಿ, "ನೀ ಕುರಿ ಸಿದ್ದಪ್ಪನ ಮಗಾ ಅಲ್ಲೇನ? ನಿಮ್ಮಪ್ಪಗ ಛಲೋ ಮಾತು ಬರ್ತಿದ್ವಲ್ಲೋ, ನಿನಗೇನಾತು?" ಎಂದಳು.

ಆ ದಿನದಿಂದ ಸಾಕ್ಷಿಯ ಮುಂದೆ ನಾನು ಮನೆಯ ಮಾತನ್ನೇ ಆಡಿದೆ. ಮುಂದೆ ತಾಲೂಕು ಕೋರ್ಟುಗಳಲ್ಲಿ ಇಂಗ್ಲಿಷ್ ಹೋಗಿ ಕನ್ನಡ ಬಂದಾಗ ಹಿರಿಯರೆಲ್ಲ ಪದಕೋಶ ಹಿಡಿದು ಒದ್ದಾಡಿದರು. ನನಗೆ ತೊಂದರೆಯಾಗಲಿಲ್ಲ. ಆ ಮುದುಕಿಯ ಋಣ ಅದು.

ಎಪ್ಪತ್ತರ ದಶಕದ ನಡುವೆ ನಾನು ಹುನಗುಂದಕ್ಕೆ ಬಂದು ಸ್ವಂತ ಕಚೇರಿ ಹಾಕಿದೆ. ಅಪ್ಪ ಬರೆಸಿದ ಬೋರ್ಡು ಬಾಗಿಲ ಮೇಲೆ ಬಂತು. ಕೆಲವು ವರ್ಷಗಳಾದ ಮೇಲೆ ಇಳಕಲ್ಲಿನ ಪುರಸಭೆ ತನ್ನ ಕೇಸುಗಳನ್ನು ನನಗೆ ಕೊಡತೊಡಗಿತು. ಹೆಚ್ಚಿನವು ಗಟಾರ, ಒತ್ತುವರಿ, ಕಟ್ಟೆ ಮುಂದೆ ಬಂದದ್ದು ಇಂಥವು. ಪುರಸಭೆಯ ವಕೀಲಿಕೆಯೆಂದರೆ ಊರಿನ ಗಟಾರವನ್ನು ಕಾಗದದಲ್ಲಿ ಬಳಿಯುವ ಕೆಲಸ ಎಂದು ಹೊಸಬರು ತಿಳಿದಿರಲಿ.

ಈ ಗಟಾರಗಳ ನಡುವೆ ಒಂದು ಕೇಸು ಬೇರೆ ಜಾತಿಯದು ಬಂತು.

ಇಳಕಲ್ಲಿನಲ್ಲಿ ಹುನಗುಂದದ ಹಾದಿಗೆ ಒಂದು ಜಕಾತಿ ನಾಕಾ ಇತ್ತು. ಊರೊಳಗೆ ಬರುವ ಸರಕಿಗೆ ಸುಂಕ ವಸೂಲು ಮಾಡುವ ಕಟ್ಟಡ. ಸರ್ಕಾರ ಜಕಾತಿಯನ್ನೇ ತೆಗೆದುಹಾಕಿದ ಮೇಲೆ ನಾಕಾ ಖಾಲಿ ಬಿತ್ತು. ಒಂದು ದೊಡ್ಡ ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಗಿಡ. ಹಿಂದಿನ ಓಣಿಯೆಲ್ಲ ನೇಕಾರರದು. ಅಲ್ಲಿನ ಹೆಣ್ಣುಮಕ್ಕಳು ಸೇರಿ ಪುರಸಭೆಯ ಬಾಗಿಲಿಗೆ ಬಂದು, ಸಣ್ಣ ಮಕ್ಕಳನ್ನು ಹಗಲು ಕೂಡಿಸಲು ಆ ಜಾಗ ಕೊಡಿರೆಂದು ಕೇಳಿದರು. ಪುರಸಭೆ ಠರಾವು ಮಾಡಿತು. ಒಬ್ಬ ಶಿಕ್ಷಕಿ, ಒಬ್ಬ ಆಯಾ, ಮಧ್ಯಾಹ್ನಕ್ಕೆ ಒಂದಿಷ್ಟು ಉಪ್ಪಿಟ್ಟು. ಬಾಗಿಲ ಮೇಲೆ ದೊಡ್ಡದಾಗಿ ಬೋರ್ಡು: 'ಶಿಶು ಪಾಠಶಾಲೆ'.

ಶಿಕ್ಷಕಿಯ ಹೆಸರು ಕಸ್ತೂರಿ. ಅದೇ ಓಣಿಯ ನೇಕಾರರ ಮಗಳು. ಮ್ಯಾಟ್ರಿಕ್ ಪಾಸಾಗಿ, ಬಾಗಲಕೋಟೆಯಲ್ಲಿ ಬಾಲವಾಡಿ ತರಬೇತಿ ಮುಗಿಸಿ ಬಂದವರು. ನಮ್ಮಲ್ಲಿ ಹೆಣ್ಣು ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಮೂರು ವರ್ಷದ ಮಕ್ಕಳಿಂದ ಹಿಡಿದು ಪುರಸಭೆಯ ಅಧ್ಯಕ್ಷರತನಕ ಎಲ್ಲರಿಗೂ ಅವರು ಕಸ್ತೂರಿ ಅಕ್ಕೋರು.

ಸಂಗಪ್ಪ ಎಂಬ ಸೀರೆ ವ್ಯಾಪಾರಿ ಇದರ ಮೇಲೆ ದಾವಾ ಹೂಡಿದರು. ಪುರಸಭೆ ಈ ಶಾಲೆ ನಡೆಸುವುದೇ ಕಾನೂನುಬಾಹಿರ, ಜನರ ತೆರಿಗೆಯನ್ನು ಅದಕ್ಕೆ ಖರ್ಚು ಮಾಡದಂತೆ ತಡೆಯಬೇಕು ಎಂದು. ಕೇಸು ಮುಗಿಯುವತನಕ ಬಾಗಿಲು ಹಾಕಿಸಬೇಕೆಂದು ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಿದ್ದರು. ಅವರ ಪರವಾಗಿ ಬಾಗಲಕೋಟೆಯಿಂದ ಬಂದ ವಕೀಲರು ಯಾರೆಂದರೆ, ನನ್ನ ಗುರು ಹಿರೇಮಠರು.

ಸಂಗಪ್ಪನವರನ್ನು ದುಷ್ಟರೆಂದು ತಿಳಿಯಬೇಡಿ. ಪ್ರತಿ ಹುಣ್ಣಿಮೆಗೆ ಕೂಡಲಸಂಗಮಕ್ಕೆ ಹೋಗಿಬರುವ, ಸುಳ್ಳು ಹೇಳದ ಮನುಷ್ಯ. ಕೋರ್ಟಿನ ಹೊರಗೆ ನಾನೇ ಅವರನ್ನು ಕೇಳಿದೆ: "ಸಾವಕಾರ್ರ, ಕೂಸುಗಳ ಮ್ಯಾಲ ಯಾಕ್ರಿ ಸಿಟ್ಟು?"

"ಕೂಸಿನ ಮ್ಯಾಲ ಯಾಂವಗ ಸಿಟ್ಟರಿ? ನಮ್ಮ ಮನಿ ಮುಂದ ಗಟಾರ ತುಂಬಿ ಹರಿಯಾಕ ಹತ್ತಿ ಭಾಳ ದಿನಾತು. ಹೇಳಿದ್ರ ಆಳಿಲ್ಲ ಅಂತಾರ. ಆಯಾನ್ನ ಇಡಾಕ ಆಳ ಅದಾವು. ಕೂಸಿಗೆ ಕಲಸೋದು ತಾಯಿ ಕೆಲಸ, ಗಟಾರ ಬಳಿಯೋದು ಮುನಸಿಪಾಲ್ಟಿ ಕೆಲಸ. ಒಬ್ಬರ ಕೆಲಸ ಒಬ್ಬರು ಮಾಡಬಾರ್ದು. ಇಷ್ಟ ನನ್ನ ಮಾತು."

ಹಿರೇಮಠರು ಇದೇ ಮಾತಿಗೆ ಕಾನೂನಿನ ಅಂಗಿ ತೊಡಿಸಿದರು. ಹೊಸಬರು ಈ ವಾದವನ್ನು ಗಮನವಿಟ್ಟು ಓದಿರಿ, ಈಗಲೂ ಕೆಲಸಕ್ಕೆ ಬರುತ್ತದೆ. ಮನುಷ್ಯ ಕಾನೂನು ಬೇಡವೆಂದದ್ದನ್ನು ಬಿಟ್ಟು ಏನು ಬೇಕಾದರೂ ಮಾಡಬಹುದು. ಪುರಸಭೆ ಕಾನೂನು ಮಾಡು ಎಂದದ್ದನ್ನು ಮಾತ್ರ ಮಾಡಬಹುದು. ಪುರಸಭೆ ಕಾಯ್ದೆಯಲ್ಲಿ ಅದರ ಕರ್ತವ್ಯಗಳನ್ನು ಬರೆದಿದೆ. ಮೂರು ವರ್ಷದ ಕೂಸಿಗೆ ಶಾಲೆ ತೆರೆ ಎಂದು ಅಲ್ಲಿಲ್ಲ. ಕಡ್ಡಾಯ ಶಿಕ್ಷಣದ ಕಾಯ್ದೆ ನೋಡಿದರೆ ಆರು ವರ್ಷದ ಆಸುಪಾಸಿನಲ್ಲಿ ಅದು ಶುರುವಾಗುತ್ತದೆ, ಅದೂ ಸರ್ಕಾರದ ಕೆಲಸ. ಆರರ ಕೆಳಗಿನ ಮಗು ಕಾನೂನಿನ ಕಣ್ಣಿಗೆ ವಿದ್ಯಾರ್ಥಿಯೇ ಅಲ್ಲ. ವಿದ್ಯಾರ್ಥಿ ಇಲ್ಲದ ಕಡೆ ಶಾಲೆ ಹೇಗೆ ಬಂತು? ಶಾಲೆ ಇಲ್ಲದ ಕಡೆ ಸಾರ್ವಜನಿಕರ ಹಣ ಹೇಗೆ ಹೋಯಿತು?

ನಾನು ಸಂವಿಧಾನ ಹಿಡಿದೆ. ಹದಿನಾಲ್ಕು ವರ್ಷ ತುಂಬುವತನಕ ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಆಗ ಅದರಲ್ಲಿ ಇತ್ತು. ಎಲ್ಲಿಯತನಕ ಎಂದು ಹೇಳಿದೆ, ಎಲ್ಲಿಂದ ಎಂದು ಹೇಳಿಲ್ಲ ಎಂದು ವಾದಿಸಿದೆ. ಒಳ್ಳೆಯ ವಾದವೆಂದು ನನಗೇ ಅನಿಸಿತ್ತು. ಹಿರೇಮಠರು ಎದ್ದು ನಿಂತು, "ಸ್ವಾಮಿ, ಆ ಕಲಮು ಸರ್ಕಾರಕ್ಕೆ ತೋರಿಸಿದ ದಿಕ್ಕು. ಕೋರ್ಟಿನಲ್ಲಿ ಜಾರಿ ಮಾಡುವ ಹಕ್ಕಲ್ಲ ಎಂದು ಅದೇ ಸಂವಿಧಾನ ಹೇಳಿದೆ. ಆಸೆಯನ್ನು ನನ್ನ ಮಿತ್ರರು ಅಧಿಕಾರ ಎಂದುಕೊಂಡಿದ್ದಾರೆ" ಎಂದು ಕೂತರು.

ಆ ಮಧ್ಯಾಹ್ನ ಚಹಾದ ಅಂಗಡಿಯಲ್ಲಿ ನನ್ನ ಬೆನ್ನು ತಟ್ಟಿ, "ಏನಲೇ ಬೀರಪ್ಪಾ, ಕುರಿ ಹಿಂಡ ಬಿಟ್ಟು ಕೂಸಿನ ಹಿಂಡ ಕಾಯಾಕ ಹತ್ತೀಯಲ್ಲ" ಎಂದರು.

"ಕಾಯೋದ ನಮಗ ಬರೂ ಕೆಲಸರಿ ಸರ್," ಎಂದೆ.

"ಕಾಯಿ, ಕಾಯಿ. ನಾಕಾದ ಬಾಗಲಾ ಹಾಕಿದ ಮ್ಯಾಲ ಬಯಲಾಗ ಕಾಯಿ."

ರಾತ್ರಿಯೆಲ್ಲ ಕಾಯ್ದೆ ಓದಿದೆನೆಂದು ಹೇಳಿದರೆ ಕತೆಯಾಗುತ್ತದೆ. ಮರುದಿನ ಊಟ ಮಾಡಿ ಮಧ್ಯಾಹ್ನ ಓದಿದೆ. ಪುರಸಭೆ ತನ್ನ ವಿವೇಚನೆಯಿಂದ ಮಾಡಬಹುದಾದ ಕೆಲಸಗಳ ಕೊನೆಯಲ್ಲಿ ಒಂದು ಅಗಲವಾದ ಮಾತಿತ್ತು: ಜನರ ಸುರಕ್ಷತೆ, ಆರೋಗ್ಯ, ಅನುಕೂಲಕ್ಕೆ ಒದಗುವ ಕ್ರಮಗಳು. ದಾರಿ ಕಂಡಿತು. ಇದು ಶಾಲೆಯೇ ಅಲ್ಲ, ಮಗ್ಗದ ಮನೆಗಳ ಮಕ್ಕಳನ್ನು ಅಪಾಯದಿಂದ ದೂರ ಇಡುವ ತಾಣ ಎಂದರೆ ಸಾಕು. ಹಿರೇಮಠರ ವಾದ ತಾನಾಗಿ ಉದುರುತ್ತದೆ. ಅದಕ್ಕೆ ಬೇಕಾದದ್ದು ಎರಡೇ. ಆ ಬೋರ್ಡು ಇಳಿಸಬೇಕು. ನಾನು ಅಕ್ಷರ ಕಲಿಸುವುದಿಲ್ಲ ಎಂದು ಅಕ್ಕೋರು ಪ್ರಮಾಣಪತ್ರ ಕೊಡಬೇಕು.

ಅಕ್ಕೋರನ್ನು ಕಚೇರಿಗೆ ಕರೆಸಿದೆ. ನಾನು ಬರೆದದ್ದನ್ನು ಅವರು ಪೂರ್ತಿ ಓದಿದರು. ಓದಿ ಮೇಜಿನ ಮೇಲಿಟ್ಟರು.

"ಇದಕ್ಕ ನಾ ಸಹಿ ಮಾಡಂಗಿಲ್ರಿ."

"ಮಾಡದಿದ್ರ ಬಾಗಲಾ ಹಾಕ್ತಾರ್ರಿ ಅಕ್ಕೋರ."

"ಹಾಕಿದ್ರ ಕೋರ್ಟು ಹಾಕಿದಂಗಾತು. ಇದಕ್ಕ ಸಹಿ ಮಾಡಿದ್ರ ನಾನ ಹಾಕಿದಂಗಾತು. ಟ್ರೇನಿಂಗ್ ಮಾಡಿ ಬಂದದ್ದು ಮೂಗು ಒರಸಾಕೇನ್ರಿ? ಮೂಗು ಒರಸೋದು ಬ್ಯಾಡ ಅನ್ನಂಗಿಲ್ಲ, ಅದನ್ನೂ ಮಾಡ್ತೇನಿ. ಆದ್ರ ಕಲಸಂಗಿಲ್ಲ ಅಂತ ಹೆಂಗ ಬರೀಲಿ?"

"ಬರೇ ಕಾಗದದ ಮ್ಯಾಲರಿ. ಒಳಗ ನೀವು ಏನರ ಕಲಸ್ರಿ, ಯಾರು ನೋಡ್ತಾರ? ಬೋರ್ಡು ತಗದು ಒಳಗಿಡ್ರಿ, ಅಷ್ಟ."

ಅವರು ಎದ್ದರು. ಬಾಗಿಲು ದಾಟಿ ಹೋಗಿ, ತಲೆಯೆತ್ತಿ ನನ್ನ ಬೋರ್ಡು ನೋಡಿ, "ನಿಮ್ಮದ ತಗದು ಒಳಗಿಡ್ರೀ ನೋಡೂಣು. ಬೋರ್ಡು ಇಲ್ಲಂದ್ರ ನೀವೇನು ವಾದ ಮಾಡೋದು ಮರೀತೀರೇನು?" ಎಂದರು.

ಕಾಗದ ಹಾಗೇ ಉಳಿಯಿತು. ಅವರ ಸಹಿ ಇಲ್ಲದೆಯೇ, ಇದು ಶಾಲೆಯಲ್ಲ ಎಂಬ ಜವಾಬನ್ನು ಪುರಸಭೆಯ ಪರವಾಗಿ ಹಾಕಿದೆ. ಬೋರ್ಡು ಇದ್ದಲ್ಲೇ ಇತ್ತು.

ಬೋರ್ಡು ತೋರಿಸಿ ಹಿರೇಮಠರು ಶಾಲೆ ಎನ್ನುವುದು, ನಾನು ಅಲ್ಲ ಎನ್ನುವುದು ಕೇಳಿ ನ್ಯಾಯಾಧೀಶರಾದ ಮುನ್ಸಿಫರಿಗೆ ಬೇಸರವಾಯಿತು. ಅವರು ಮೈಸೂರು ಕಡೆಯವರು, ಮೆಲ್ಲಗೆ ಮಾತನಾಡುವವರು. "ಬರುವ ವಾರ ನಾನೇ ಬಂದು ನೋಡುತ್ತೇನೆ. ಇಬ್ಬರೂ ವಕೀಲರು ಜೊತೆಗಿರಿ" ಎಂದರು. ನನಗೆ ಸಮಾಧಾನವಾಯಿತು. ಜಾಗ ನೋಡುವುದೆಂದರೆ ನಾನು ಕಲಿತ ವಿದ್ಯೆ. ಹಿಂದಿನ ದಿನ ಇಳಕಲ್ಲಿಗೆ ಹೋಗಿ ಓಣಿಯ ತಾಯಂದಿರನ್ನು ಬೇವಿನ ಗಿಡದ ಕೆಳಗೆ ಕೂಡಿಸಿದೆ. ಅವರಲ್ಲಿ ಮುಂದಾಳು ನೀಲವ್ವ. ಪುರಸಭೆಗೆ ಮೊದಲು ಹೋದವಳೂ ಅವಳೇ. ನಾಲ್ಕು ವರ್ಷದ ಮಗಳು ಸಾವಿತ್ರಿ ನಾಕಾಕ್ಕೆ ಬರುತ್ತಿದ್ದಳು. ಅಂಬೆಗಾಲಿಡುವ ಇನ್ನೊಂದು ಕೂಸು ಮನೆಯಲ್ಲಿತ್ತು.

"ನೋಡ್ರವಾ, ನಾಳೆ ಸಾಹೇಬ್ರು ಬರ್ತಾರ. ವಿಶೇಷ ಏನೂ ಮಾಡಬ್ಯಾಡ್ರಿ. ದಿನಾ ಹೆಂಗಿರ್ತೈತಿ ಹಂಗ ಇರ್ಲಿ. ಮಕ್ಕಳು ಆಡ್ಲಿ, ಮಲಗ್ಲಿ, ಉಪ್ಪಿಟ್ಟು ತಿನ್ಲಿ. ತಿಳೀತಿಲ್ಲೋ?"

"ತಿಳೀತ್ರಿ," ಎಂದರು ಎಲ್ಲರೂ.

ತಿಳಿದದ್ದೇನೆಂದು ಮರುದಿನ ಕಂಡಿತು. ಮುನ್ಸಿಫರ ಜೀಪು ನಿಂತಾಗ ಪಡಸಾಲೆಯಲ್ಲಿ ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ಎಲ್ಲರ ಮುಖಕ್ಕೂ ಪೌಡರು, ತಲೆಗೆ ಎಣ್ಣೆ, ಇಸ್ತ್ರಿ ಮಾಡಿದ ಅಂಗಿ. ಒಂದೊಂದು ಕೈಯಲ್ಲೂ ಪಾಟಿ. ಅಕ್ಕಪಕ್ಕದ ಮನೆಗಳಿಂದ ಕಡ ತಂದ ಪಾಟಿಗಳು. ಕಟ್ಟೆಯ ಮೇಲೆ ತಾಯಂದಿರು ಮದುವೆಗೆ ಬಂದವರಂತೆ ಕೂತಿದ್ದರು. ಅಕ್ಕೋರು ಮೂಲೆಯಲ್ಲಿ ನಿಂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ನೀಲವ್ವ ಕೈಸನ್ನೆ ಮಾಡಿದಳು. ಅಷ್ಟೂ ಮಕ್ಕಳು ಒಂದೇ ಉಸುರಿಗೆ ವರ್ಣಮಾಲೆ ಒದರಿದರು. ಆಮೇಲೆ ಮಗ್ಗಿ. ಆಮೇಲೆ ಒಂದು ವಚನ. ಕಡೆಗೆ ಸಾವಿತ್ರಿ ಮುಂದೆ ಬಂದು ಪಾಟಿಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆದು, ಸಾಹೇಬರ ಮೂಗಿಗೆ ತಾಗುವಂತೆ ಹಿಡಿದಳು.

ಹಿರೇಮಠರು ನನ್ನ ಕಿವಿಯ ಹತ್ತಿರ ಬಂದು, "ಸಾಲಿ ಅಲ್ಲ ಅಂದಿದ್ದಿಯಲ್ಲಲೇ, ಇಲ್ಲಿ ಮ್ಯಾಟ್ರಿಕ್ ಪರೀಕ್ಷಾ ನಡದೈತಿ" ಎಂದರು.

ಮುನ್ಸಿಫರು ಗುಮಾಸ್ತನಿಗೆ ಹೇಳಿ ಎಲ್ಲವನ್ನೂ ಬರೆಸಿದರು: ಬೋರ್ಡು, ಪಾಟಿ, ವರ್ಣಮಾಲೆ. ನಾನು ಹಾಕಿದ ಜವಾಬು ಸುಳ್ಳಾಯಿತು. ನೀಲವ್ವನನ್ನು ಗಿಡದ ಮರೆಗೆ ಕರೆದು, "ಏನವಾ ಇದು? ನಾ ಏನ್ ಹೇಳಿದ್ದೆ?" ಎಂದು ಕೇಳಿದೆ. ಅವಳಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ಅಲ್ರೀ ವಕೀಲ್ರ, ಗಿರಾಕಿ ಮನಿ ಬಾಗಲಿಗೆ ಬಂದಾಗ ಸೀರಿ ಹೆಂಗ ತೋರಸ್ತೀವಿ? ಮೊದಲ ಸೆರಗು ಬಿಚ್ಚತೀವಿ. ಒಡಲು ಯಾರ ನೋಡ್ತಾರ್ರಿ? ಬರೇ ನೂಲು ಇರತೈತಿ ಅದು. ಸಾಹೇಬ್ರು ಅಷ್ಟು ದೂರಿಂದ ಬಂದಾರ, ಉಪ್ಪಿಟ್ಟು ತಿನ್ನೋದು ತೋರಸೋದೇನ್ರಿ?"

ಇಳಕಲ್ಲಿನಲ್ಲಿ ಹುಟ್ಟಿದ ಯಾರೂ ಬೇರೆ ರೀತಿ ಮಾಡುತ್ತಿದ್ದಿಲ್ಲ. ಅಲ್ಲಿ ಸೀರೆಯ ಬೆಲೆ ಸೆರಗಿನ ಮೇಲೆ ನಿಂತಿದೆ. ಮುತ್ತಜ್ಜಿಯ ಕಾಲದಿಂದ ಹೊರಗಿನವರಿಗೆ ಸೆರಗನ್ನೇ ಮೊದಲು ಹಾಸಿ ಬಂದವರಿಗೆ, ದಿನಾ ಇದ್ದಂತೆ ಇರಿ ಎಂದು ಹೇಳಿದ ನಾನು ಊರು ತಿಳಿಯದ ಮಾತು ಹೇಳಿದ್ದೆ. ಆದರೆ ಅವಳ ಮಾತಿನಲ್ಲೇ ನನಗೆ ಮುಂದಿನ ಹೆಜ್ಜೆ ಸಿಕ್ಕಿತು: ಸಾಹೇಬರು ಸೆರಗು ನೋಡಿಯಾಗಿತ್ತು, ಇನ್ನು ಒಡಲು ನೋಡಬೇಕಿತ್ತು. ಜೀಪು ಹತ್ತಲು ಹೊರಟ ಮುನ್ಸಿಫರ ಮುಂದೆ ಹೋಗಿ ನಿಂತೆ.

"ಸ್ವಾಮಿ, ಒಂದು ಜಾಗ ನೋಡಿದಿರಿ. ಈ ಬಾಗಿಲು ಹಾಕಿದರೆ ಮಕ್ಕಳು ಎಲ್ಲಿಗೆ ಹೋಗುತ್ತಾರೋ ಆ ಜಾಗವನ್ನೂ ನೋಡಬೇಕು. ಇಲ್ಲೇ ಹಿಂದಿನ ಓಣಿ."

ಹಿರೇಮಠರು ಆಕ್ಷೇಪಿಸಬಹುದಿತ್ತು, ಆಕ್ಷೇಪಿಸಲಿಲ್ಲ. ಜಾಗ ನೋಡುವುದಕ್ಕೆ ಅಡ್ಡ ಬರುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಆದರೆ ನೀಲವ್ವ ಗಾಬರಿಯಾದಳು. "ಮನಿ ಕಸಾ ಹೊಡದಿಲ್ರಿ, ಬ್ಯಾಡ್ರಿ" ಎಂದು ಹಿಂದೆ ಹಿಂದೆ ಓಡಿ ಬಂದಳು.

ನೀಲವ್ವನ ಮನೆಯೆಂದರೆ ಒಂದೇ ಕತ್ತಲೆ ಕೋಣೆ. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದರು. ಕುಣಿಯೊಳಗೆ ಕಾಲು ಬಿಟ್ಟು ಕೂತು ತುಳಿಯುವ ಮಗ್ಗ ಅದು. ಹಾಸಿನ ನೂಲೆಲ್ಲ ನೆಲದಿಂದ ಗೇಣೆತ್ತರದಲ್ಲಿ ಕೋಣೆಯ ಉದ್ದಕ್ಕೂ ಎಳೆದು ಕಟ್ಟಿತ್ತು. ಅಂಬೆಗಾಲಿನ ಕೂಸೊಂದು ಕೈ ಹಾಕಿದರೆ ನೂಲು ಹರಿಯುತ್ತದೆ, ಮುಂದೆ ಜಾರಿದರೆ ಕುಣಿಗೆ ಬೀಳುತ್ತದೆ. ನಡುಗಂಬಕ್ಕೆ ನೀಲವ್ವನ ಸಣ್ಣ ಕೂಸನ್ನು ಸೊಂಟಕ್ಕೆ ಹಗ್ಗ ಹಾಕಿ ಕಟ್ಟಿದ್ದರು. ಹಳೆಯ ನೂಲಿನ ತುದಿಗಳನ್ನು ಹೆಣೆದು ಮಾಡಿದ ಮೆತ್ತನೆಯ ಹಗ್ಗ. ಪಕ್ಕದಲ್ಲಿ ಅಜ್ಜಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಮುನ್ಸಿಫರು ಇಂಥ ಮಗ್ಗ ನೋಡಿರಲಿಲ್ಲ. "ಹೇಗೆ ನೇಯುತ್ತೀರಮ್ಮ?" ಎಂದು ಕೇಳಿದರು. ನೀಲವ್ವ ನಾಚಿಕೊಂಡೇ ಕುಣಿಗೆ ಇಳಿದು, ಕಾಲ್ಮಣೆ ತುಳಿದು, ಲಾಳಿ ಎಸೆದಳು. ಎರಡು ಎಳೆ ಬಿದ್ದಿರಬೇಕು.

ನಮ್ಮ ಹಿಂದೆಯೇ ಬಂದಿದ್ದ ಸಾವಿತ್ರಿ, ಪೌಡರಿನ ಮುಖ, ಕೈಯಲ್ಲಿನ್ನೂ ಪಾಟಿ, ಮಗ್ಗದ ಸಪ್ಪಳ ಕೇಳಿದ್ದೇ ನಡುಗಂಬದ ಹತ್ತಿರ ಹೋದಳು. ಪಾಟಿಯನ್ನು ನೆಲಕ್ಕಿಟ್ಟಳು. ಕಂಬಕ್ಕೆ ತೂಗುತ್ತಿದ್ದ ಇನ್ನೊಂದು ಹಗ್ಗದ ಕುಣಿಕೆಯನ್ನು ತೆಗೆದು, ತಲೆಯ ಮೇಲಿಂದ ಹಾಕಿಕೊಂಡು, ಸೊಂಟಕ್ಕೆ ಇಳಿಸಿಕೊಂಡು, ತಮ್ಮನ ಪಕ್ಕದಲ್ಲಿ ಕೂತಳು. ಯಾರೂ ಏನೂ ಹೇಳಿರಲಿಲ್ಲ.

ನೀಲವ್ವ ಏನಾಯಿತೆಂದು ತಿಳಿಯದೆ ಮತ್ತೊಂದು ಎಳೆ ಹಾಕಿದಳು.

"ಮಗುವಿಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದು ಮುನ್ಸಿಫರು ಕೇಳಿದರು.

"ಯಾರೂ ಇಲ್ರಿ," ಎಂದಳು ಅಜ್ಜಿ. "ಸಪ್ಪಳಾದ ಕೂಡ್ಲೆ ಹೋಗಿ ಹಾಕ್ಕೋತೈತ್ರಿ. ಶ್ಯಾಣ್ಯಾ ಕೂಸರಿ ಅದು."

ಬಾಗಿಲಲ್ಲಿ ನಿಂತಿದ್ದ ಅಕ್ಕೋರು, "ನನ್ನ ಕಡೆ ಬರೂಕಿಂತ ಮೊದಲ ಇದೊಂದು ಕಲ್ತಿತ್ತರಿ" ಎಂದರು. ಅಷ್ಟೇ ಹೇಳಿದ್ದು. ಒಳಗೆ ಬಂದು ಹಗ್ಗ ತೆಗೆಯಲಿಲ್ಲ. ತಾಯಿಯ ಮುಂದೆ ತೆಗೆಯುವುದು ಸರಿಯಲ್ಲ ಎಂದು ಅನಿಸಿರಬೇಕು.

ಹೊರಗೆ ಬಂದಾಗ ಸಂಗಪ್ಪನವರು ಓಣಿಯ ತುದಿಯಲ್ಲಿ ನಿಂತಿದ್ದರು. ಅವರ ಅಂಗಡಿಯ ಸೀರೆಗಳು ಇಂಥದೇ ಮನೆಗಳಿಂದ ಬರುತ್ತಿದ್ದವು. ಅವರಿಗೆ ಆ ಹಗ್ಗ ಹೊಸದಲ್ಲ. ಅವರೂ ಹಾಗೇ ಬೆಳೆದವರೆಂದು ಆಮೇಲೆ ಯಾರೋ ಹೇಳಿದರು.

ಮುಂದಿನ ತಾರೀಖಿಗೆ ನಾನು ವಾದ ಬದಲಿಸಿದೆ. ಶಾಲೆ ಅಲ್ಲ ಎಂಬ ಮಾತನ್ನು ಬಿಟ್ಟುಕೊಡುತ್ತೇನೆ ಎಂದೆ. ಶಾಲೆ ಎನ್ನಿರಿ, ಬೇರೇನಾದರೂ ಎನ್ನಿರಿ. ಮಕ್ಕಳ ಸುರಕ್ಷತೆಗೆ ಮಾಡಿದ್ದು ಪುರಸಭೆಯ ಅಧಿಕಾರದೊಳಗೆ ಬರುತ್ತದೆ, ಅಲ್ಲಿ ಅಕ್ಷರವೂ ನಡೆದರೆ ಅಧಿಕಾರ ಕಡಿಮೆಯಾಗುವುದಿಲ್ಲ ಎಂದೆ. ಹಿರೇಮಠರು ಬಿಡುವವರಲ್ಲ. "ಸುರಕ್ಷತೆಗೆ ಒಬ್ಬ ಆಯಾ ಸಾಕು. ಶಿಕ್ಷಕಿ ಯಾಕೆ, ಪಾಠ ಯಾಕೆ? ಇವತ್ತು ಸುರಕ್ಷತೆಯ ಹೆಸರಿನಲ್ಲಿ ಶಾಲೆ, ನಾಳೆ ಆರೋಗ್ಯದ ಹೆಸರಿನಲ್ಲಿ ಕುಸ್ತಿ ಅಖಾಡ. ಇದಕ್ಕೆ ಎಲ್ಲೆ ಎಲ್ಲಿ?" ಎಂದರು. ಈಗ ಯೋಚಿಸಿದರೂ ಅದು ಬಲವಾದ ಪ್ರಶ್ನೆ.

ಮುನ್ಸಿಫರು ತಡೆಯಾಜ್ಞೆ ಕೊಡಲಿಲ್ಲ. ಆದೇಶ ಚಿಕ್ಕದು. ಅದರ ಒಂದು ಮಾತು ನನಗೆ ಬಾಯಿಪಾಠವಾಗಿದೆ: ಮಗುವನ್ನು ಸುರಕ್ಷಿತವಾಗಿ ಕೂಡಿಸುವ ಅಧಿಕಾರ ಪುರಸಭೆಗೆ ಇದ್ದಂತೆ ತೋರುತ್ತದೆ, ಹಾಗೆ ಕೂಡಿಸಿದ ಮಗುವನ್ನು ಸುಮ್ಮನೆ ಕೂಡಿಸಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಆದರೆ ಇದು ಕಾನೂನಿನ ಪ್ರಕಾರ ಶಾಲೆಯೋ ಅಲ್ಲವೋ, ಅದನ್ನು ನಡೆಸಲು ಪುರಸಭೆಗೆ ಹಕ್ಕಿದೆಯೋ ಇಲ್ಲವೋ ಎಂಬುದನ್ನು ಪೂರ್ಣ ವಿಚಾರಣೆಯಲ್ಲಿ ತೀರ್ಮಾನಿಸಲಾಗುವುದು ಎಂದೂ ಬರೆದಿದ್ದರು.

ಹೊರಗೆ ಸಂಗಪ್ಪನವರು ನನ್ನನ್ನು ನಿಲ್ಲಿಸಿ ಕೇಳಿದರು: "ಗಟಾರದ ಸುದ್ದಿ ಏನರ ಹೇಳಿತೇನ್ರಿ ಕೋರ್ಟು?"

"ಅದು ಕೇಸಿನ್ಯಾಗ ಇರಲಿಲ್ಲಲ್ರೀ."

"ನಾ ಅದಕ್ಕ ಕೇಸ್ ಹಾಕಿದ್ದು."

ಇದನ್ನು ನಾನು ಪುರಸಭೆಗೆ ಹೇಳಿದೆ. ಮುಂದಿನ ವಾರವೇ ಅವರ ಮನೆಯ ಮುಂದಿನ ಗಟಾರ ಬಳಿದರು. ಇನ್ನು ದಾವಾ ಹಿಂತೆಗೆಯುತ್ತಾರೆಂದು ಹೋಗಿ ಕೇಳಿದರೆ, "ಗಟಾರ ಬ್ಯಾರೆ, ಕಾಯ್ದೆ ಬ್ಯಾರೆರಿ. ಕೇಳಿದ ಮ್ಯಾಲ ಜವಾಬು ಬರಬೇಕು" ಎಂದರು. ಆದೇಶದ ಮೇಲೆ ಬಾಗಲಕೋಟೆಗೆ ಅಪೀಲು ಹೋದರು. ಅಲ್ಲಿಂದ ತಾರೀಖಿನ ಮೇಲೆ ತಾರೀಖು. ನಾನೂ ಹಿರೇಮಠರೂ ಮುದಿಯಾಗುತ್ತ ಬಂದೆವು. ಅಪೀಲು ಎಳೆಯದಾಗೇ ಇತ್ತು. ಹಾಗೆ ಎಂಟು-ಹತ್ತು ಸಲ ಮುಂದೆ ಹೋದ ಮೇಲೆ ಸರ್ಕಾರದ ಅಂಗನವಾಡಿ ಯೋಜನೆ ನಮ್ಮ ತಾಲೂಕಿಗೂ ಬಂತು. ನಾಕಾ ಕಟ್ಟಡವನ್ನು ಅಂಗನವಾಡಿಗೆ ಕೊಟ್ಟರು. ಪುರಸಭೆ ಈಗ ಏನೂ ಖರ್ಚು ಮಾಡುತ್ತಿಲ್ಲ, ಆದ್ದರಿಂದ ಈ ದಾವಾಕ್ಕೆ ಅರ್ಥ ಉಳಿದಿಲ್ಲ ಎಂದು ಕೋರ್ಟು ಮುಚ್ಚಿಹಾಕಿತು. ಸಂಗಪ್ಪನವರು ಕೇಳಿದ ಪ್ರಶ್ನೆಗೆ ಜವಾಬು ಬರಲೇ ಇಲ್ಲ.

ಹಿರೇಮಠರು ಆ ದಿನ ಬಾಗಲಕೋಟೆಯ ಕೋರ್ಟಿನ ಕಟ್ಟೆಯ ಮೇಲೆ ಕೂತು, "ನಾ ಸೋತಿಲ್ಲ, ನೀ ಗೆದ್ದಿಲ್ಲ" ಎಂದರು. ಎದ್ದು ಕೋಟು ಕೊಡವಿಕೊಳ್ಳುತ್ತ, "ಆ ಮನಿ ನಾ ನೋಡಿ ಕೇಸ್ ಹಿಡೀಬೇಕಿತ್ತು" ಎಂದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ.

ಅಕ್ಕೋರಿಗೆ ಯೋಜನೆಯಲ್ಲಿ ಕೆಲಸ ಸಿಕ್ಕಿತು. ಆದರೆ ಶಿಕ್ಷಕಿ ಎಂದಲ್ಲ, ಕಾರ್ಯಕರ್ತೆ ಎಂದು. ಪಗಾರ ಹೋಗಿ ಗೌರವಧನ ಬಂತು, ಮೊದಲಿನದಕ್ಕಿಂತ ಕಡಿಮೆ. ಬಾಗಿಲ ಮೇಲೆ ಸರ್ಕಾರದ ಹೊಸ ಬೋರ್ಡು ಬಂತು. ಕೋರ್ಟಿನಲ್ಲಿ ಇಳಿಯದ ಹಳೆಯ ಬೋರ್ಡನ್ನು ಪೇಂಟರನ ಆಳು ಐದು ನಿಮಿಷದಲ್ಲಿ ಇಳಿಸಿದ. ಕಾನೂನಿನಲ್ಲಿ ನಾನು ಉಳಿಸಿಕೊಟ್ಟದ್ದೇನು ಎಂದು ಲೆಕ್ಕ ಹಾಕುವವರು ಇದನ್ನೂ ಹಾಕಿಕೊಳ್ಳಲಿ.

ಎಂಬತ್ತರ ದಶಕದ ಕೊನೆಯಲ್ಲಿ ಬೇರೊಂದು ಕೆಲಸಕ್ಕೆ ಇಳಕಲ್ಲಿಗೆ ಹೋದಾಗ ನಾಕಾದ ಮುಂದೆ ಹಾಯ್ದೆ. ಮಧ್ಯಾಹ್ನ. ಅಕ್ಕೋರು ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂಡಿಸಿಕೊಂಡು ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದಿಸುತ್ತಿದ್ದರು. ಹಳೆಯ ಬೋರ್ಡು ಒಳಗೆ ಗೋಡೆಗೆ ಆನಿಸಿತ್ತು. ಅದರ ಹಿಂಬದಿಗೆ ಕರಿ ಬಣ್ಣ ಬಳಿದು ಸುಣ್ಣದ ಕಡ್ಡಿಯಲ್ಲಿ ಆನೆ ಬರೆದಿದ್ದರು.

"ಬರ್ರಿ ವಕೀಲ್ರ," ಎಂದು ಚಾಪೆ ಹಾಸಿದರು. ಚಹಾ ತರಿಸಿದರು. ನೀಲವ್ವನ ಮಗಳು ಈಗ ದೊಡ್ಡ ಸಾಲಿಗೆ ಹೋಗುತ್ತಾಳೆ, ಮನೆಯ ಕಂಬಕ್ಕೆ ಈಗ ನೂಲಿನ ಲಡಿ ತೂಗುಹಾಕುತ್ತಾರೆ ಎಂದರು. ನಾನು ಹೊರಡುವಾಗ ಕೇಳಿದರು:

"ಅಂದಂಗ, ಆ ಕೇಸಿನ್ಯಾಗ ಕಡೀಕ ಏನಂತ ಆತ್ರಿ? ಇದು ಸಾಲಿ ಹೌದೋ ಅಲ್ಲೋ?"

"ಹೇಳಲೇ ಇಲ್ರಿ ಅಕ್ಕೋರ. ಹಂಗ ಮುಗೀತು."

ಅವರು ಒಂದು ಕೂಸಿನ ಬೆರಳು ಹಿಡಿದು ಮರಳಿನ ಮೇಲೆ ಓರೆಯಾದ ಅಕ್ಷರವನ್ನು ನೆಟ್ಟಗೆ ಮಾಡಿದರು.

"ಆಗ್ಲಿ ಬಿಡ್ರಿ. ಅವರು ಹೇಳೂತನಾ ನಾ ನಡಸ್ತೇನಿ," ಎಂದರು.